ಅತ್ತೆಗೆಂದು ಆರಿಸಿದ ವಾಕ್ಯಗಳು

ಮೊದಲು ಗೊತ್ತಾದದ್ದು ಕಪ್ಪುಹಲಗೆಯ ಮುಂದೆ. ಮೂರನೇ ತರಗತಿಗೆ ಮಗ್ಗಿ ಬರೆಯುತ್ತಿದ್ದೆ. ಮೇಲಿನ ಸಾಲು ಮುಗಿಸಿ ಕೆಳಗಿನ ಸಾಲಿಗೆ ಬಗ್ಗಹೋದೆ. ಬಗ್ಗಲಾಗಲಿಲ್ಲ. ಬೆನ್ನಿಗೆ ಹಲಗೆ ಇಟ್ಟು ಕಟ್ಟಿದಂತಾಯಿತು. ಸೀಮೆಸುಣ್ಣ ಕೈಜಾರಿ ಬಿತ್ತು. ಮೊಣಕಾಲೂರಿ ಕುಳಿತು ಅದನ್ನು ಎತ್ತಿಕೊಂಡು, ಮೇಜಿನ ಕಾಲು ಹಿಡಿದು ಎದ್ದೆ. ಮಕ್ಕಳು ನಕ್ಕವು. ನಾನೂ ನಕ್ಕೆ.

ಕನ್ನಡ ನಾಡೆಲ್ಲ ಒಂದು ರಾಜ್ಯವಾದ ಮರುವರ್ಷ, ಅಂದರೆ ಕಳೆದ ವರ್ಷ ಅದು. ನನಗೆ ಇಪ್ಪತ್ತೇಳು. ಚಾಮರಾಜಪುರಂನಲ್ಲಿ ರೈಲು ಹಳಿಗೆ ಹತ್ತಿರದ ಒಂದು ವಠಾರದಲ್ಲಿ ನಾವು ಮೂವರಿದ್ದೆವು. ನಾನು, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ನನ್ನ ಗಂಡ ಇನ್ನಾಸಪ್ಪ, ಅವರ ತಾಯಿ ಆರೋಗ್ಯಮ್ಮ. ನನಗೆ ತವರು ಎಂಬುದಿಲ್ಲ. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಸಿಸ್ಟರುಗಳು ಸಾಕಿ, ಓದಿಸಿ, ಟೀಚರ್ ಮಾಡಿ, ಮದುವೆಯನ್ನೂ ಅವರೇ ಕುದುರಿಸಿದ್ದರು. ಲೂರ್ದಮ್ಮ ಎಂದು ಹೆಸರಿಟ್ಟವರೂ ಅವರೇ. ಗಂಡನ ಮನೆಯೊಂದೇ ನನಗಿದ್ದ ಮನೆ.

ಅತ್ತೆ ಹಿನಕಲ್ ಆಚೆಯ ಹಳ್ಳಿಯವರು. ಒಂದಕ್ಷರ ಬಾರದು. ಯಾದವಗಿರಿಯ ಬಂಗಲೆಯೊಂದರಲ್ಲಿ ಹನ್ನೆರಡು ವರ್ಷದಿಂದ ಅಡುಗೆ ಮಾಡುತ್ತಿದ್ದರು. ಆ ಮನೆಯ ದೊರೆಸಾನಿ ಅತ್ತೆಯ ಸಾರನ್ನು ಬಂದವರ ಮುಂದೆ ಹೊಗಳಿದ ಕಥೆಯನ್ನು ನಾನು ನೂರು ಸಲವಾದರೂ ಕೇಳಿದ್ದೇನೆ. ಬಾಯಿತುಂಬ ಎಲೆಅಡಿಕೆ, ಅದರ ಸಂದಿಯಿಂದಲೇ ಮಾತು, ಮಾತು ನಿಂತರೆ ದೇವರ ಹಾಡು. ನನಗೆ ಮೌನದಲ್ಲಿ ಬೆಳೆದ ಅಭ್ಯಾಸ. ಅವರ ಬಾಯಿ ನನಗಾಗುತ್ತಿರಲಿಲ್ಲ, ನನ್ನ ಮುಖ ಅವರಿಗಾಗುತ್ತಿರಲಿಲ್ಲ. ಹೊರಗೆ ಕೆಲಸ ಇಬ್ಬರಿಗೂ ಇದ್ದುದರಿಂದ ಸಂಸಾರ ಹೇಗೋ ನಡೆದಿತ್ತು.

ಎರಡು ತಿಂಗಳು ಎಣ್ಣೆ ತಿಕ್ಕಿದೆವು. ಉಪ್ಪಿನ ಶಾಖ ಕೊಟ್ಟೆವು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಸೀರೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದೆ. ಕೊನೆಗೆ ದೊಡ್ಡಾಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಪೆನ್ಸಿಲಿನ ತುದಿಯಿಂದ ತೋರಿಸಿದರು.

"ಕೇರೀಸ್ ಸ್ಪೈನ್. ಬೆನ್ನುಮೂಳೆಯ ಟಿ.ಬಿ. ಈ ಎರಡು ವರ್ಟಿಬ್ರಾ ನೋಡಿ, ತಿಂದುಹಾಕಿದೆ."

"ವಾಸಿಯಾಗುತ್ತಾ ಸಾರ್?" ಇನ್ನಾಸಪ್ಪ ಕೇಳಿದರು.

"ಈಗ ಸ್ಟ್ರೆಪ್ಟೋಮೈಸಿನ್ ಇದೆ. ಹತ್ತು ವರ್ಷದ ಹಿಂದೆ ಬಂದಿದ್ದರೆ ಏನು ಹೇಳುತ್ತಿದ್ದೆನೋ. ಆದರೆ ಪ್ಲಾಸ್ಟರ್ ಬೆಡ್ಡಿನಲ್ಲಿ ಮಲಗಬೇಕು. ಏಳೆಂಟು ತಿಂಗಳು. ಕೂರುವ ಹಾಗಿಲ್ಲ. ಮನೆಯಲ್ಲಿ ನೋಡಿಕೊಳ್ಳೋರು ಯಾರಿದ್ದಾರೆ?"

ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದರು.

"ನಾನಿವ್ನಿ ಬುಡಿ," ಅಂದರು.

ಮಾರನೆಯ ದಿನ ಬಂಗಲೆಗೆ ಹೋಗಿ ಕೆಲಸ ಬಿಟ್ಟು ಬಂದರು. ಇಷ್ಟನ್ನು ಮೊದಲೇ ಬರೆದುಬಿಡಬೇಕು. ಮುಂದೆ ನಾನು ಮಾಡಿದ್ದನ್ನು ಓದುವವರಿಗೆ ಇದು ಗೊತ್ತಿರಲಿ.

ಪ್ಲಾಸ್ಟರ್ ಬೆಡ್ ಎಂದರೆ ಮಂಚವಲ್ಲ. ನಮ್ಮ ಬೆನ್ನಿನ ಅಚ್ಚಿಗೇ ಎರಕ ಹೊಯ್ದ ಸುಣ್ಣದ ಚಿಪ್ಪು. ಕುತ್ತಿಗೆಯಿಂದ ತೊಡೆಯವರೆಗೆ ಅದರೊಳಗೆ ಅಂಗಾತ ಮಲಗಿಸಿ ಪಟ್ಟಿ ಬಿಗಿದರು. ನನಗೆ ಕಾಣುತ್ತಿದ್ದದ್ದು ನಾಡಹೆಂಚು, ಒಂದು ಗಾಜಿನ ಹೆಂಚು, ಗೋಡೆಯ ಮೇಲಿನ ಯೇಸುವಿನ ಪಟದ ಕಾಲು. ದಿನಕ್ಕೊಂದು ಇಂಜೆಕ್ಷನ್. ಕಾಂಪೌಂಡರ್ ಬಂದು ಚುಚ್ಚಿ ಹೋಗುತ್ತಿದ್ದರು. ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಒಂದು ಸದ್ದು ಶುರುವಾಯಿತು. ಪಿ.ಎ.ಎಸ್. ಎಂಬ ಪುಡಿ ನುಂಗಿದರೆ ಹೊಟ್ಟೆ ತೊಳೆಸಿ ಬರುತ್ತಿತ್ತು. ಅಂಗಾತ ಮಲಗಿ ವಾಂತಿ ಮಾಡುವುದು ಕಲಿಯಬೇಕಾದ ವಿದ್ಯೆ. ಅತ್ತೆ ನನ್ನ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಬಟ್ಟಲು ಹಿಡಿದು, ಬಾಯಿ ಒರೆಸಿ, ಬೆಡ್‌ಪ್ಯಾನ್ ಇಟ್ಟು, ತೆಗೆದು, ತೊಳೆದು, ಮತ್ತೆ ಒಲೆಯ ಮುಂದೆ ಹೋಗಿ ಕೂರುತ್ತಿದ್ದರು.

ಬೈಯುತ್ತಲೇ ಮಾಡುತ್ತಿದ್ದರು. ಅದೇ ನನಗೆ ಕಾಣಿಸಿದ್ದು.

ಎರಡನೇ ವಾರ ನಮ್ಮ ಚರ್ಚಿನ ಸ್ವಾಮಿಗಳು ನೋಡಲು ಬಂದರು. ಪೂಜೆಗೆ ಬರಲಾಗುವುದಿಲ್ಲವಲ್ಲ ಎಂದು ಕಣ್ಣೀರು ಹಾಕಿದೆ. ಚರ್ಚಿನ ಪೂಜೆಯೆಲ್ಲ ಲ್ಯಾಟಿನ್. ಮನೆಯಲ್ಲಿ ಮಣಿ ಎಣಿಸಿ ಜಪಸರ ಹೇಳುವುದು ಬಿಟ್ಟರೆ ನಾವಾಗಿ ಬೈಬಲ್ ತೆಗೆದು ಓದುವ ರೂಢಿ ನಮ್ಮ ಜನಕ್ಕಿಲ್ಲ. ಸ್ವಾಮಿಗಳು ಒಂದು ಕನ್ನಡ ಪುಸ್ತಕ ಕೊಟ್ಟರು. ಯೇಸುಸ್ವಾಮಿಯ ಬದುಕಿನ ನಾಲ್ಕು ಭಾಗ, ನಾವು ಸುವಿಶೇಷ ಎನ್ನುವುದು ಅದನ್ನೇ. ಹಿಂದುಗಡೆ ಒಂದು ಪಟ್ಟಿ. ಯಾವ ಭಾನುವಾರಕ್ಕೆ ಯಾವ ಭಾಗ, ಯಾವ ಹಬ್ಬಕ್ಕೆ ಯಾವುದು ಎಂದು.

"ಸಂಜೆ ಜಪಸರ ಆದಮೇಲೆ ಆಯಾ ದಿನದ್ದನ್ನು ಓದಿಕೊಳ್ಳಿ," ಅಂದರು. "ಹಬ್ಬ ಇಲ್ಲದ ದಿನ ಹಿಂದಿನ ಭಾನುವಾರದ್ದೇ. ಒಂದೇ ಮಾತು ಆರು ದಿನ ಕಿವಿಗೆ ಬಿದ್ದರೆ ಮನಸ್ಸಿಗೂ ಇಳಿಯುತ್ತೆ."

"ಪಟ್ಟಿ ಮಾಡ್ದೋರು ಯಾರು ಸ್ವಾಮಿ?" ಅತ್ತೆ ಕೇಳಿದರು.

"ನಮ್ಮ ತಿರುಸಭೆಯ ಹಿರಿಯರು, ಆರೋಗ್ಯಮ್ಮ. ನೂರಾರು ವರ್ಷದ್ದು. ಇವತ್ತು ನೀವಿಲ್ಲಿ ಕೇಳಿದ್ದನ್ನೇ ರೋಮಿನಲ್ಲೂ ಓದ್ತಾರೆ."

ಅತ್ತೆಯ ಮುಖ ನೋಡಬೇಕಿತ್ತು. "ಅಂಗಾರೆ ನಮ್ ವಠಾರಕ್ಕೂ ಅದೇ ಮಾತಾ," ಅಂದರು. ಐವತ್ತೆಂಟು ವರ್ಷ ಲ್ಯಾಟಿನ್ ಕೇಳಿ ತಲೆಬಾಗಿ ಬಂದವರು. ದೇವರು ಕನ್ನಡದಲ್ಲಿ, ತಮ್ಮ ಮನೆಯಲ್ಲಿ, ದಿನಾ ಮಾತಾಡುತ್ತಾನೆ ಎಂಬುದು ಅವರಿಗೆ ಹೊಸದು. ಅಂದಿನಿಂದ ಸಂಜೆ ಜಪಸರ ಮುಗಿದದ್ದೇ ಸೆರಗು ತಲೆಮೇಲೆ ಹೊದ್ದು ನನ್ನ ಮಂಚದ ಕಾಲ ಬಳಿ ಮೊಣಕಾಲೂರುತ್ತಿದ್ದರು. ನಾನು ಪುಸ್ತಕವನ್ನು ಮುಖದ ಮೇಲೆ ಎತ್ತಿಹಿಡಿದು ಓದುತ್ತಿದ್ದೆ. ಇನ್ನಾಸಪ್ಪನವರಿಗೆ ವರ್ಕ್‌ಶಾಪಿನ ಸದ್ದಿಗೆ ಕಿವಿ ಮಂದ. ಜಪಸರದ ಮೂರನೇ ಹತ್ತು ಮಣಿಗೇ ಗೋಡೆಗೆ ಒರಗಿ ತೂಕಡಿಸುತ್ತಿದ್ದರು.

ಎರಡು ವಾರ ಪಟ್ಟಿಯ ಪ್ರಕಾರವೇ ಓದಿದೆ.

ವಠಾರದ ನಲ್ಲಿ ಇದ್ದದ್ದು ನನ್ನ ಕಿಟಕಿಯ ಕೆಳಗೆ. ಒಂದು ಬೆಳಗ್ಗೆ ಅತ್ತೆಯ ದನಿ ಕೇಳಿಸಿತು. "ನನ್ ಮಗ ಎಂಡ್ತಿ ತಂದ ಅಂದ್ಕಂಡಿದ್ದೆ ಕಣಮ್ಮ. ತೊಟ್ಲು ಮಗಾ ತಂದವ್ನೆ. ಉಚ್ಚೆ ಬಾಚೋದು ನನ್ ಪಾಲು." ಹೆಂಗಸರು ನಕ್ಕರು.

ಬೇರೆಯವರಾಗಿದ್ದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನನಗೆ ತಿರುಗಲೂ ಆಗದು. ಕಣ್ಣೀರು ಕಿವಿಯೊಳಗೆ ಇಳಿಯಿತು. ಎದುರು ಮಾತಾಡುವ ಹಾಗಿಲ್ಲ, ಮಧ್ಯಾಹ್ನ ಬೆಡ್‌ಪ್ಯಾನಿಗೆ ಅವರನ್ನೇ ಕರೆಯಬೇಕು. ಆ ಸಂಜೆ ಪುಸ್ತಕ ತೆರೆದಾಗ ಪಟ್ಟಿಯಲ್ಲಿ ಹಬ್ಬವಿರಲಿಲ್ಲ. ಭಾನುವಾರದ್ದನ್ನೇ ನಾಲ್ಕನೇ ಸಲ ಓದಬೇಕಿತ್ತು. ಖಾಲಿ ದಿನ ತಾನೇ, ಬೇರೆ ಓದಿದರೆ ಯಾರಿಗೆ ನಷ್ಟ ಅಂದುಕೊಂಡೆ. ಪುಟ ತಿರುವಿದೆ. ಇನ್ನೊಬ್ಬರ ಕಣ್ಣಿನ ಧೂಳು ನೋಡುವವನು ತನ್ನ ಕಣ್ಣಿನೊಳಗಿನ ತೊಲೆಯನ್ನು ಮೊದಲು ತೆಗೆಯಲಿ ಎನ್ನುವ ಜಾಗ ಸಿಕ್ಕಿತು. ಉಕ್ತಲೇಖನ ಕೊಡುವ ಹಾಗೆ ನಿಲ್ಲಿಸಿ ನಿಲ್ಲಿಸಿ ಓದಿದೆ.

ಮಾರನೆಯ ದಿನ ನಲ್ಲಿಯ ಬಳಿ ಅವರ ದನಿ ಕೇಳಲಿಲ್ಲ.

ಮದ್ದು ಸಿಕ್ಕಿತು ಎಂದುಕೊಂಡೆ.

ಆಮೇಲೆ ಅದು ಚಟವಾಯಿತು. ಹಗಲೆಲ್ಲ ಹೆಂಚು ಎಣಿಸುತ್ತಾ ಮಲಗಿದವಳಿಗೆ ಅದೊಂದು ಕೆಲಸ. ಅತ್ತೆ ಬೆಳಗ್ಗೆ ಏನಂದರು, ಅದಕ್ಕೆ ಸಂಜೆ ಯಾವ ಭಾಗ ಎಂದು ಹುಡುಕುವುದು. ಶುಕ್ರವಾರದ ಉಪವಾಸ ತಾವು ಒಂದೂ ತಪ್ಪಿಸಿಲ್ಲವೆಂದು ಹೇಳಿಕೊಂಡ ದಿನ, ತನ್ನ ಉಪವಾಸವನ್ನು ದೇವರ ಮುಂದೆ ಕೊಚ್ಚಿಕೊಂಡ ಫರಿಸಾಯನ ಕಥೆ. ಬಾಗಿಲಿಗೆ ಬಂದ ಮುದುಕಿಯನ್ನು ಮುಂದೆ ಹೋಗು ಅಂದ ದಿನ, ಬಡ ಲಾಜರನನ್ನು ಹೊಸ್ತಿಲಲ್ಲೇ ಬಿಟ್ಟು ಉಂಡ ಶ್ರೀಮಂತ ನರಕಕ್ಕೆ ಬಿದ್ದ ಕಥೆ. ಪಾತ್ರೆ ಕುಕ್ಕಿದ ದಿನ ಅಕ್ಕತಂಗಿಯರ ಕಥೆ. ಅಕ್ಕ ಮಾರ್ತಾ ಅಡುಗೆಮನೆಯಲ್ಲಿ ಬೇಯುತ್ತಾಳೆ, ತಂಗಿ ಯೇಸುಸ್ವಾಮಿಯ ಪಾದದ ಬಳಿ ಸುಮ್ಮನೆ ಕೂತಿರುತ್ತಾಳೆ. ಒಳ್ಳೆಯದನ್ನು ಆರಿಸಿಕೊಂಡವಳು ತಂಗಿ ಅನ್ನುತ್ತಾನೆ ಸ್ವಾಮಿ. ಮನೆಯಲ್ಲಿ ಮಲಗಿದ್ದವಳು ನಾನು, ಬೇಯುತ್ತಿದ್ದವರು ಅವರು. ಅದನ್ನು ಓದುವಾಗ ನನ್ನ ನಾಲಿಗೆ ತಡವರಿಸಲೇ ಇಲ್ಲ. ಇವತ್ತು ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ತರಕಾರಿಯವಳ ಹತ್ತಿರ "ಓದಿದ್ರೇನ್ ಬಂತು, ಮಡಿಕೆ ಎತ್ತೋಕೆ ಈ ಅನಕ್ಸರಸ್ತೇನೇ ಬೇಕು" ಎಂದ ದಿನ ಇನ್ನೊಂದು ಹುಡುಕಿದೆ. ಮನುಷ್ಯ ಆಡುವ ಒಂದೊಂದು ಹಾಳುಮಾತಿಗೂ ತೀರ್ಪಿನ ದಿನ ಲೆಕ್ಕ ಒಪ್ಪಿಸಬೇಕು ಎನ್ನುವ ಭಾಗ. ಓದಿ ಪುಸ್ತಕ ಇಳಿಸಿದೆ. ಅತ್ತೆ ಮೊಣಕಾಲಿನಿಂದ ಏಳಲಿಲ್ಲ. ತುಂಬ ಹೊತ್ತು ಹಾಗೇ ಇದ್ದರು. ಕಾಲು ಜೋಮು ಹಿಡಿದಿರಬೇಕು ಎಂದುಕೊಂಡೆ.

ಆ ದಿನದಿಂದ ಅವರು ಎಲೆಅಡಿಕೆ ಬಿಟ್ಟರು. ಹಾಡು ನಿಂತಿತು. ಕೇಳಿದ್ದಕ್ಕೆ ಹೂಂ, ಉಹೂಂ. ಬಾಗಿಲಿಗೆ ಬರುತ್ತಿದ್ದ ಮುದುಕಿಗೆ ತಮ್ಮ ಮುದ್ದೆಯನ್ನೇ ಹಾಕಿ ಕಳಿಸುತ್ತಿದ್ದರು. ನನ್ನ ಸೇವೆ ಮಾತ್ರ ಕೂದಲಷ್ಟೂ ಕಡಿಮೆಯಾಗಲಿಲ್ಲ. ಮೊದಲು ಬೈದುಕೊಂಡು ಮಾಡುತ್ತಿದ್ದದ್ದನ್ನು ಈಗ ತಲೆತಗ್ಗಿಸಿ ಮಾಡುತ್ತಿದ್ದರು.

"ಅವ್ವ ಯಾಕೋ ಮಾತೇ ಆಡ್ತಿಲ್ಲ ಕಣೇ. ಇಳಿದೂ ಹೋಗವ್ಳೆ," ಅಂದರು ಇನ್ನಾಸಪ್ಪ.

"ವಯಸ್ಸಾಯ್ತಲ್ಲ," ಅಂದೆ.

ನನಗೆ ಖುಷಿಯೇ ಆಗಿತ್ತು. ಮುಚ್ಚಿಡುವುದಿಲ್ಲ. ಮನೆ ಕೊನೆಗೂ ಬೋರ್ಡಿಂಗಿನ ಹಾಗೆ ಮೌನವಾಯಿತಲ್ಲ ಎಂದು ಸಮಾಧಾನವಾಗಿತ್ತು. ಕಾಯಿಲೆಯವರು ಪುಣ್ಯವಂತರಾಗುತ್ತಾರೆ, ನೋವು ಮನಸ್ಸನ್ನು ತೊಳೆಯುತ್ತದೆ ಎಂದು ಸಿಸ್ಟರುಗಳು ಹೇಳುತ್ತಿದ್ದರು. ನನ್ನ ಮಟ್ಟಿಗೆ ಹಾಗೇನೂ ಆಗಲಿಲ್ಲ. ಮಲಗಿದಲ್ಲೇ ಒಬ್ಬ ಹೆಂಗಸನ್ನು ದಿನದಿನ ಸ್ವಲ್ಪಸ್ವಲ್ಪವೇ ಬಗ್ಗಿಸುವುದು ನನಗೆ ಸಾಧ್ಯವಾಯಿತು. ಅದಕ್ಕೆ ಬೆನ್ನುಮೂಳೆ ಬೇಕಾಗಿರಲಿಲ್ಲ.

ತಿಂಗಳ ಮೊದಲ ಶುಕ್ರವಾರ ಸ್ವಾಮಿಗಳು ಸತ್ಪ್ರಸಾದ ತರುತ್ತಿದ್ದರು. ಅತ್ತೆ ಬೆಳಗ್ಗೆಯೇ ನೆಲ ಸಾರಿಸಿ, ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಎರಡು ಮೇಣದಬತ್ತಿ ಹಚ್ಚಿಡುತ್ತಿದ್ದರು. ಫೆಬ್ರವರಿಯ ಆ ಶುಕ್ರವಾರ ನಾನು ಪ್ರಸಾದ ತೆಗೆದುಕೊಂಡಾದ ಮೇಲೆ ಅವರು ಸ್ವಾಮಿಗಳ ಮುಂದೆ ಕೈಮುಗಿದು ನಿಂತರು.

"ಸ್ವಾಮಿ, ಒಂದ್ ಮಾತು. ಪಾಪನಿವೇದನೆ ಮಾಡ್ದೆ, ತಾವು ಕ್ಸಮೆ ಕೊಟ್ರಿ. ಆದ್ರೂ ಯೇಸುಸ್ವಾಮಿ ಯಾಕೆ ದಿನಾ ನನ್ನೇ ಬೈತಾವ್ನೆ?"

"ಎಲ್ಲಿ ಬೈದ ಆರೋಗ್ಯಮ್ಮ?"

"ಇಲ್ಲೇ. ಸಂಜೆ ಸುವಿಸೇಸದಲ್ಲಿ. ಮೊನ್ನೆ ಕಣ್ಣಲ್ಲಿ ತೊಲೆ ಅಂದ. ಆಮೇಲೆ ಉಪಾಸ ಕೊಚ್ಕೋಬೇಡ ಅಂದ. ಬಿಕ್ಸಕ್ಕೆ ಇಲ್ಲ ಅಂದಿದ್ದಕ್ಕೆ ನರಕ ತೋರ್ಸ್‌ದ. ನಾನು ಬೆಳಗ್ಗೆ ಏನ್ ಮಾಡ್ತೀನೋ ಸಂಜೆ ಅದ್ನೇ ಏಳ್ತಾನೆ. ಅಳೇ ಪಟ್ಟೀಲಿ ನೂರಾರು ವರ್ಸದಿಂದ ನನ್ ವಿಸ್ಯಾನೇ ಬರ್ದವ್ರಾ ಸ್ವಾಮಿ?"

ಸ್ವಾಮಿಗಳು ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ ನನ್ನ ದಿಂಬಿನ ಪಕ್ಕದ ಪುಸ್ತಕ ನೋಡಿದರು. ಆಮೇಲೆ ನನ್ನನ್ನು.

"ಸ್ವಲ್ಪ ಬಿಸಿನೀರು ಕಾಯಿಸ್ತೀರಾ ಆರೋಗ್ಯಮ್ಮ," ಅಂದರು. ಅವರು ಒಳಗೆ ಹೋದಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇವ್ಯಾವುವೂ ಈ ವಾರಗಳದ್ದಲ್ಲ, ಲೂರ್ದಮ್ಮ."

"ನಾನೇ ಆರಿಸಿದೆ ಸ್ವಾಮಿ."

"ಆರಿಸೋದು ತಪ್ಪಲ್ಲ. ನೀವು ನಿಮಗೆ ಅಂತ ಆರಿಸಿದ್ದು ಒಂದಾದರೂ ಇದೆಯಾ?"

ಯೋಚಿಸಿದೆ. ಮೂರು ತಿಂಗಳಲ್ಲಿ ಒಂದೂ ಇರಲಿಲ್ಲ.

"ಆಕೆಗೆ ಹೇಳಿಬಿಡಿ," ಅಂದರು.

"ಹೇಳಿದರೆ ನನ್ನನ್ನು ಯಾರು ನೋಡಿಕೊಳ್ತಾರೆ? ಎದ್ದು ನಿಂತಮೇಲೆ ಹೇಳ್ತೀನಿ."

"ನಾನು ಹೇಳೋದಿಲ್ಲ. ನೀವೇ ಹೇಳಬೇಕು." ಬಿಸಿನೀರು ಕುಡಿದು ಹೋದರು. ಬೈಯಲಿಲ್ಲ. ಬೈದಿದ್ದರೆ ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ದಾರಿಯಾಗುತ್ತಿತ್ತು.

ಹೇಳಲಿಲ್ಲ. ಹೇಳುವ ಬದಲು ಸುಲಭದ ದಾರಿ ಹಿಡಿದೆ. ಅದೇ ಸಂಜೆಯಿಂದ ಸಿಹಿಸಿಹಿಯಾದ ಭಾಗಗಳನ್ನು ಹುಡುಕಿ ಓದತೊಡಗಿದೆ. ದಣಿದವರೇ ನನ್ನ ಬಳಿ ಬನ್ನಿ ಎನ್ನುವುದು. ಕಳೆದುಹೋದ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದದ್ದು. ಶಿಷ್ಯ ಪೇತ್ರನ ಅತ್ತೆ ಜ್ವರದಿಂದ ಮಲಗಿದ್ದಾಗ ಸ್ವಾಮಿ ಕೈಹಿಡಿದು ಎಬ್ಬಿಸಿದ್ದು. ಇದನ್ನು ಕೇಳಿ ಅತ್ತೆ ತಲೆಯೆತ್ತಿದರು.

"ಅತ್ತೇನಾ? ಪೇತ್ರಪ್ಪನೋರ ಅತ್ತೇನಾ?"

"ಹೌದು ಅತ್ತೆ."

"ನೋಡ್ದಾ. ಅತ್ತೇರ್ನೂ ಮರ್ತಿಲ್ಲ," ಅಂದರು. ತಿಂಗಳುಗಳ ಮೇಲೆ ಅವರು ನಕ್ಕದ್ದು ಅವತ್ತು. ಮಾರನೆಯ ಬೆಳಗ್ಗೆ ನಲ್ಲಿಯ ಬಳಿ ಆ ಕಥೆಯನ್ನು ಹೆಂಗಸರಿಗೆಲ್ಲ ಹೇಳಿದರು. ನಲವತ್ತು ದಿನ ಉಪವಾಸದ ತಪಸ್ಸುಕಾಲ ಬಂತು. ಊರಿಗೆಲ್ಲ ಪಶ್ಚಾತ್ತಾಪದ ವಾಚನ, ನಮ್ಮ ಮನೆಯಲ್ಲಿ ಮಾತ್ರ ಬೆಲ್ಲದಂಥ ಮಾತು. ಒಂದು ಸಂಜೆ, ನಾನು ರೋಗಿಯಾಗಿದ್ದೆ, ನೀವು ನನ್ನನ್ನು ನೋಡಿಕೊಂಡಿರಿ ಎಂದು ತೀರ್ಪಿನ ದಿನ ಸ್ವಾಮಿ ಹೇಳುವ ಭಾಗ ಓದಿದೆ. ಅತ್ತೆ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತರು. ಮರುದಿನ ಹೊಸ ಕವಳೆ ವೀಳ್ಯದೆಲೆ ಬಂತು. ಹಾಡು ಬಂತು. ಬೈಗುಳವೂ ಅಷ್ಟಿಷ್ಟು ಬಂತು. ನನಗೆ ಅದೂ ಹಿತವಾಗಿ ಕೇಳಿಸಿತು. ಸರಿಹೋಯಿತಲ್ಲ, ಇನ್ನು ಹೇಳುವುದೇನಿದೆ ಎಂದುಕೊಂಡೆ.

ಆ ವಾರವೇ ಒಂದು ಮಧ್ಯಾಹ್ನ ನನಗೆ ಮೈ ಒರೆಸುತ್ತಿದ್ದರು. ಬಿಸಿನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ತೋಳು ಒರೆಸುತ್ತಾ ತಾವಾಗಿಯೇ ಶುರುಮಾಡಿದರು.

"ಒಂದ್ ಇಸ್ಯ ಏಳ್ತೀನಿ ಮಗಾ. ನೀನು ಮದ್ವೆಯಾಗಿ ಬಂದ ಎರಡ್ನೇ ವರ್ಸ. ನೆಂಟ್ರು ಬಂದಿದ್ರು. ಸಾರ್ಗೆ ಉಪ್ಪು ಜಾಸ್ತಿ ಅಂತ ಅವ್ರ ಮುಂದೇನೇ ಅಂದ್ಬುಟ್ಟೆ ನೀನು. ನಾನು ಒಲೆ ಮುಂದೆ ಕೂತು, ಇವ್ಳ ಬೆನ್ನು ಮುರ್ಯಾ ಅಂದೆ. ಮೆಲ್ಲಕೆ. ನನ್ ಬಿಟ್ರೆ ಯಾರೂ ಕೇಳಿಲ್ಲ."

ಬಟ್ಟೆಯನ್ನು ಮತ್ತೆ ಅದ್ದಿದರು.

"ದಾಕ್ಟ್ರು ಬೆನ್ನುಮೂಳೆ ಅಂದಾಗ್ಲೇ ನಂಗೆ ಗೊತ್ತಾಯ್ತು. ಅದ್ಕೇ ಬಂಗ್ಲೆ ಕೆಲ್ಸ ಬುಟ್ಟೆ. ಸೇವೆ ಮಾಡಿ ತೀರಿಸ್ಬುಡ್ತೀನಿ ಅಂದ್ಕಂಡೆ. ಆದ್ರೆ ಯೇಸುಸ್ವಾಮಿ ಬುಡ್ಲಿಲ್ಲ. ಆಡಿದ್ ಮಾತಿಗೆಲ್ಲ ಲೆಕ್ಕ ಕೊಡ್ಬೇಕು ಅಂತ ನೀನು ಓದ್ದೆ ನೋಡು ಅವತ್ತು, ಅವ್ನು ಕೇಳುಸ್ಕಂಡವ್ನೆ ಅಂತ ಗೊತ್ತಾಯ್ತು. ನೀನು ಸತ್ತೋಗ್ಬುಡ್ತೀಯ, ನಾನು ನರಕಕ್ಕೋಗ್ತೀನಿ ಅಂದ್ಕಂಡಿದ್ದೆ. ಈಗ ನನ್ ಪಾಪ ಬುಟ್ಟ. ನಾನು ರೋಗಿಯಾಗಿದ್ದೆ ನೀನು ನೋಡ್ಕಂಡೆ ಅಂದ್ನಲ್ಲ, ಅವತ್ತೇ ಬುಟ್ಟ."

ಆ ಶಾಪ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಆ ವಾಕ್ಯ ಆರಿಸಿದವಳು ನಾನು.

ಅವರು ಕೆಲಸ ಬಿಟ್ಟದ್ದು, ಮುದ್ದೆ ಬಿಟ್ಟದ್ದು, ಮೂರು ತಿಂಗಳು ತಲೆತಗ್ಗಿಸಿ ನನ್ನ ಮಲ ತೊಳೆದದ್ದು, ಎಲ್ಲವೂ ಒಟ್ಟಿಗೆ ಮೈಮೇಲೆ ಬಂತು. ಒಂದು ಮುನಿಸಿಗೆ ಉತ್ತರವೆಂದು ನಾನು ಹುಡುಕಿದ ಪುಟ ಅವರಿಗೆ ನರಕದ ಸಮನ್ಸಾಗಿತ್ತು. ಈಗ ನಿಜ ಹೇಳಿದರೆ ಆ ಬೈಗುಳ ಸುಳ್ಳಾಗುತ್ತದೆ, ಸರಿ. ಜೊತೆಗೆ ಈ ಕ್ಷಮೆಯೂ ಸುಳ್ಳಾಗುತ್ತದೆ. ಹೇಳದಿದ್ದರೆ ಅವರು ನೆಮ್ಮದಿಯಾಗಿರುತ್ತಾರೆ, ನಾನು ಕೊಟ್ಟ ನೆಮ್ಮದಿಯಲ್ಲಿ. ಒಬ್ಬರಿಗೆ ದೇವರ ಹೆಸರಿನಲ್ಲಿ ಕ್ಷಮೆ ಕೊಡಲು ನಾನು ಯಾರು?

"ಕೈ ಎತ್ತು," ಅಂದರು. ಎತ್ತಿದೆ.

ಜೂನ್ ತಿಂಗಳಲ್ಲಿ ಮತ್ತೆ ಎಕ್ಸ್‌ರೇ ಆಯಿತು. ಡಾಕ್ಟರು ಫಿಲ್ಮನ್ನು ಬಹಳ ಹೊತ್ತು ನೋಡಿದರು.

"ಎರಡು ವರ್ಟಿಬ್ರಾ ಕೂಡಿಕೊಂಡಿವೆ. ಫ್ಯೂಷನ್ ಆಗಿದೆ. ಇನ್ನು ಬ್ರೇಸ್ ಹಾಕಿ ನಿಲ್ಲಿಸೋಣ."

"ಸಾರ್, ಇದು ಯಾಕೆ ಬರುತ್ತೆ?" ಅತ್ತೆ ಪಕ್ಕದಲ್ಲಿದ್ದಾಗಲೇ ಕೇಳಿದೆ.

"ಕ್ರಿಮಿಯಿಂದ. ಬ್ಯಾಸಿಲಸ್. ಉಸಿರಿನಲ್ಲಿ ಹೋಗಿ ಮೂಳೆಯಲ್ಲಿ ಕೂರುತ್ತೆ."

ಅತ್ತೆ ತಲೆ ಆಡಿಸಿದರು. ಡಾಕ್ಟರಿಗೆ ಗೊತ್ತಿರುವುದು ಡಾಕ್ಟರಿಗೆ ಎನ್ನುವಂತೆ.

ಚರ್ಮ ಮತ್ತು ಉಕ್ಕಿನ ಪಟ್ಟಿಯ ಬ್ರೇಸ್ ಬಂತು. ಮೊದಲ ದಿನ ಮಂಚದ ಅಂಚಿನಲ್ಲಿ ಕುಳಿತಾಗ ಕೋಣೆ ಗಿರ್ರನೆ ತಿರುಗಿತು. ಕಾಲುಗಳು ನನ್ನವೆನಿಸಲಿಲ್ಲ. ಅತ್ತೆಯ ಭುಜದ ಮೇಲೆ ಭಾರ ಹಾಕಿ ನಿಂತೆ. ಮೂರನೇ ದಿನ ಎರಡು ಹೆಜ್ಜೆ. ತಿಂಗಳ ಕೊನೆಗೆ ಗೋಡೆ ಹಿಡಿದು ಬಾಗಿಲವರೆಗೆ. ನಾನು ನಡೆದೆನೆಂದು ಅತ್ತೆ ವಠಾರಕ್ಕೆಲ್ಲ ಸಜ್ಜಪ್ಪ ಮಾಡಿ ಹಂಚಿದರು. ನಾನು ಒಂದೊಂದು ಹೆಜ್ಜೆ ಇಟ್ಟಾಗಲೂ ಸ್ವಾಮಿಗಳಿಗೆ ಕೊಟ್ಟ ಮಾತು ನೆನಪಾಗುತ್ತಿತ್ತು. ಎದ್ದು ನಿಂತಮೇಲೆ ಹೇಳುತ್ತೇನೆ ಅಂದಿದ್ದೆ. ನಿಂತಾಗಿತ್ತು.

ಆಗಸ್ಟಿನ ಒಂದು ಬೆಳಗ್ಗೆ ಇನ್ನಾಸಪ್ಪ ಕೆಲಸಕ್ಕೆ ಹೋದಮೇಲೆ ಯಾರ ಆಸರೆಯೂ ಇಲ್ಲದೆ ಅಡುಗೆಮನೆಗೆ ನಡೆದು ಹೋದೆ. ಅತ್ತೆ ದಂಟಿನಸೊಪ್ಪು ಬಿಡಿಸುತ್ತಿದ್ದರು. ನೆಲದ ಮೇಲೆ ಕೂರಲು ಬ್ರೇಸ್ ಬಿಡದು. ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದೆ. ಪಟ್ಟಿಯಲ್ಲಿ ಅವು ಇರಲಿಲ್ಲ ಅತ್ತೆ. ನಿಮ್ಮ ಮೇಲಿನ ಸಿಟ್ಟಿಗೆ ನಾನೇ ಹುಡುಕಿ ಓದುತ್ತಿದ್ದೆ. ನಲ್ಲಿಯ ಹತ್ತಿರ ನೀವಾಡಿದ್ದು ಕೇಳಿಸುತ್ತಿತ್ತು.

ಅವರ ಕೈ ನಿಂತಿತು.

"ಬೈದಿದ್ದು ನೀನಾ?"

"ನಾನೇ."

ಸೊಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯೇ ಬಂತು.

"ಬುಟ್ಟಿದ್ದು?"

"ಅದೂ ನಾನೇ, ಅತ್ತೆ."

ಅವರು ಕಿರುಚಲಿ ಎಂದು ನಾನು ಕಾದೆ. ಕಿರುಚಲಿಲ್ಲ. ನಾನೇ ಅವಸರದಲ್ಲಿ ಹೇಳಿದೆ, "ನಿಮ್ಮ ಮಾತಿನಿಂದ ಬಂದದ್ದಲ್ಲ ಅತ್ತೆ ಇದು. ಡಾಕ್ಟರೇ ಹೇಳಿದರಲ್ಲ ಕ್ರಿಮಿ ಅಂತ. ಬೆನ್ನು ನನ್ನದು, ನಾನೇ ಹೇಳ್ತಾ ಇದೀನಿ."

"ನೀನೇಳಿದ್ರೆ ಆಯ್ತಾ? ನೀನು ಏನೇನೋ ಏಳಿದ್ದೀಯ," ಅಂದರು. ಮತ್ತೆ ಸೊಪ್ಪು ಬಿಡಿಸತೊಡಗಿದರು.

ಮುಂದಿನ ಸೋಮವಾರ ಬಂಗಲೆಗೆ ಹೋಗಿ ಕೆಲಸ ಕೇಳಿ ಸೇರಿಕೊಂಡರು. ಬೆಳಗ್ಗೆ ನನಗೆ ಬ್ರೇಸ್ ಕಟ್ಟಿ, ಗಂಜಿ ಇಟ್ಟು ಹೋಗುತ್ತಿದ್ದರು. ಸಂಜೆ ಬಂದು ಬಿಚ್ಚುತ್ತಿದ್ದರು. ಮಗನಿಗೆ ಏನೂ ಹೇಳಲಿಲ್ಲ. ಜಪಸರಕ್ಕೆ ಕೂರುತ್ತಿದ್ದರು. ಅದು ಮುಗಿದು ನಾನು ಪುಸ್ತಕ ತೆಗೆದದ್ದೇ ಎದ್ದು ಒಳಗೆ ಹೋಗುತ್ತಿದ್ದರು. ನಾನು ಪಟ್ಟಿ ನೋಡಿ ಆಯಾ ದಿನದ್ದನ್ನು ಓದುತ್ತಿದ್ದೆ. ಕೇಳುತ್ತಿದ್ದದ್ದು ತೂಕಡಿಸುವ ಇನ್ನಾಸಪ್ಪ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೂಡ ಇರುತ್ತಿರಲಿಲ್ಲ. ಐವತ್ತೆಂಟು ವರ್ಷ ಕಾದು ಮೂರು ತಿಂಗಳು ಬೈಗುಳ, ಆರು ತಿಂಗಳು ಪ್ರೀತಿ ಕೇಳಿದ ಹೆಂಗಸಿಗೆ ದೇವರು ಮತ್ತೆ ಲ್ಯಾಟಿನ್ನಿಗೆ ಹಿಂದಿರುಗಿಹೋಗಿದ್ದ. ಹೋಗುವಂತೆ ಮಾಡಿದವಳು ನಾನು. ನನ್ನ ಬೆನ್ನು ಕೂಡಿಕೊಂಡಿತು, ಇದು ಕೂಡಿಕೊಳ್ಳುತ್ತದೆಯೋ ಇಲ್ಲವೋ ಎಂದು ದಿನಾ ಅಳುತ್ತಿದ್ದೆ.

ಮೊನ್ನೆ ಮೊನ್ನೆ, ಈ ಸೆಪ್ಟೆಂಬರಿನಲ್ಲಿ, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಅತ್ತೆ ಬೆಳಗ್ಗೆ ಪೂಜೆಗೆ ಹೋಗಿ ಬಂದಿದ್ದರು. ಸಂಜೆ ಜಪಸರ ಮುಗಿಯಿತು. ನಾನು ಪುಸ್ತಕ ಎತ್ತಿಕೊಂಡೆ. ಅವರು ಎದ್ದರು. ಆದರೆ ಒಳಗೆ ಹೋಗಲಿಲ್ಲ. ಗೋಡೆಯಿಂದ ಕ್ಯಾಲೆಂಡರನ್ನು ಮೊಳೆ ಸಮೇತ ಬರುವಂತೆ ಕಿತ್ತು ತಂದು ನನ್ನ ಮುಂದೆ ಹಿಡಿದರು. ಆ ದಿನದ ಮೇಲೆ ಬೆರಳಿಟ್ಟರು.

"ಇವತ್ತು ಏನೈತೋ ಅದು. ನೀನು ಆರಿಸ್ಕೂಡ್ದು."

"ಇಲ್ಲ ಅತ್ತೆ."

ಪಟ್ಟಿಯಲ್ಲಿ ಅವರೆದುರಿಗೇ ಬೆರಳಾಡಿಸಿ ಹಬ್ಬದ ಹೆಸರು ತೋರಿಸಿದೆ. ಅಕ್ಷರ ಬಾರದಿದ್ದರೂ ಬಗ್ಗಿ ನೋಡಿದರು. ಪುಟ ತೆರೆದೆ. ಆ ಹಬ್ಬಕ್ಕೆ ಇರುವುದು ವಂಶಾವಳಿ. ಅಬ್ರಹಾಮನಿಂದ ಹಿಡಿದು ಇಂಥವನಿಗೆ ಇಂಥವನು ಹುಟ್ಟಿದ, ಅವನಿಗೆ ಇವನು ಹುಟ್ಟಿದ ಎಂದು ಬರೀ ಹೆಸರು. ದಯೆಯ ಒಂದು ಮಾತಿಲ್ಲ. ಮುಂದಿನ ಪುಟದಲ್ಲೇ ಬೇಕಾದಷ್ಟು ಒಳ್ಳೆಯ ಮಾತಿತ್ತು. ತಿರುವಲಿಲ್ಲ. ಓದಿದೆ. ನಾಲಿಗೆ ಹೊರಳದ ಹೆಸರುಗಳಲ್ಲಿ ಎರಡು ಸಲ ತಪ್ಪಿ ಮತ್ತೆ ಹಿಂದಿನಿಂದ ಓದಿದೆ. ಅತ್ತೆ ಸೆರಗು ಹೊದ್ದು, ಮೊಣಕಾಲೂರಿ, ಒಂದೊಂದು ಹೆಸರಿಗೂ ತಲೆಬಾಗಿಸಿ ಕೇಳಿದರು.

"ಮುಗೀತಾ?"

"ಮುಗೀತು."

"ಬೈದಿಲ್ಲ."

"ಇಲ್ಲ."

"ಒಗಳೂ ಇಲ್ಲ." ಎದ್ದು ಮೊಣಕಾಲು ಒರೆಸಿಕೊಂಡರು. "ಅಂಗಾರೆ ಇದು ನಿಜ್ವಾದ್ದೇ. ಇದ್ನ ಯಾರು ಕಣಮ್ಮ ಆರಿಸ್ತಾರೆ."

ನಾನು ಅವರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ.

ಅಂದಿನಿಂದ ಅವರು ಕೇಳಲು ಕೂರುತ್ತಾರೆ. ಮೊದಲು ಕ್ಯಾಲೆಂಡರ್ ತಂದು ಬೆರಳಿಡುತ್ತಾರೆ, ಆಮೇಲೆ ಪಟ್ಟಿ ನೋಡುತ್ತಾರೆ, ಆಮೇಲೆ ಮೊಣಕಾಲೂರುತ್ತಾರೆ. ನಾನು ಇನ್ನೂ ಆರು ತಿಂಗಳು ಬ್ರೇಸ್ ಹಾಕಬೇಕು, ಬಗ್ಗಬಾರದು, ಭಾರ ಎತ್ತಬಾರದು. ಬರುವ ಜೂನಿನಲ್ಲಿ ಶಾಲೆಗೆ ಹೋಗಬಹುದೆಂದು ಡಾಕ್ಟರು ಹೇಳಿದ್ದಾರೆ. ಬದುಕಿದೆ, ನಡೆಯುತ್ತಿದ್ದೇನೆ. ಅದಕ್ಕೆ ಸ್ಟ್ರೆಪ್ಟೋಮೈಸಿನ್ನಿಗೂ ಆರೋಗ್ಯಮ್ಮನವರ ಕೈಗಳಿಗೂ ಋಣಿ. ಆ ಕೈಗಳು ಈಗಲೂ ಬೆಳಗ್ಗೆ ಬ್ರೇಸಿನ ಬಕಲ್ ಬಿಗಿಯುವಾಗ ಚರ್ಮ ಸಿಕ್ಕದಂತೆ ಒಂದು ಬೆರಳು ಒಳಗಿಟ್ಟುಕೊಳ್ಳುತ್ತವೆ. ನನ್ನನ್ನು ಕ್ಷಮಿಸಿದ್ದಾರೆಯೇ ಎಂದು ನಾನು ಕೇಳಿಲ್ಲ. ಅವರೂ ಹೇಳಿಲ್ಲ.

ತಪ್ಪು ಮಾಡಿದವರನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಕೇಳುವ ಭಾಗ, ಸಾಲದು ಎಂದು ಸ್ವಾಮಿ ಹೇಳುವ ಭಾಗ, ಯಾವ ಪುಟದಲ್ಲಿದೆ ಎಂದು ನನಗೆ ಗೊತ್ತು. ಪಟ್ಟಿಯ ಪ್ರಕಾರ ಅದು ಬರಲು ಇನ್ನೂ ಐದು ವಾರವಿದೆ. ನಿನ್ನೆ ಪುಸ್ತಕ ತಾನಾಗಿಯೇ ಅಲ್ಲಿ ತೆರೆದುಕೊಂಡಿತು. ಹಬ್ಬವಿಲ್ಲದ ದಿನ. ಅತ್ತೆ ಮೊಣಕಾಲೂರಿ ಕಾಯುತ್ತಿದ್ದರು. ಪುಟ ಹಿಂದಕ್ಕೆ ತಿರುವಿ, ಹೋದ ಭಾನುವಾರದ್ದನ್ನೇ ಮತ್ತೊಮ್ಮೆ ಓದಿದೆ.